ಅಂಗೈಯ ಮದ್ದು, ತಕ್ಕಡಿಯ ಗುಂಡು

ನಮ್ಮ ಚಿಕ್ಕೋಡಿ, ರಾಯಬಾಗದ ಕಡೆ ಹಿಂದೆ ಜೋಳವನ್ನು ಅಳೆಯುತ್ತಿದ್ದರು, ಬೆಲ್ಲವನ್ನು ತೂಗುತ್ತಿದ್ದರು. ಜೋಳಕ್ಕೆ ಸೇರು, ಬೆಲ್ಲಕ್ಕೆ ಮಣ. ನಿಪ್ಪಾಣಿಯ ಪೇಟೆಗೆ ತಂಬಾಕು ಹೋದರೆ ಅದಕ್ಕೂ ತಕ್ಕಡಿಯೇ. ಯಾವುದನ್ನು ಅಳೆಯಬೇಕು, ಯಾವುದನ್ನು ತೂಗಬೇಕು ಎಂಬುದು ಶಾಲೆಗೆ ಹೋಗದ ಒಕ್ಕಲಿಗನಿಗೂ ಗೊತ್ತಿತ್ತು. ಒಂದು ಸೇರು ಹೊಸ ಜೋಳ, ಒಂದು ಸೇರು ಹಳೆಯ ಜೋಳ, ಒಂದು ಸೇರು ಉಪ್ಪು, ಮೂರರ ತೂಕವೂ ಬೇರೆ ಎಂಬುದೂ ಗೊತ್ತಿತ್ತು. ವ್ಯಾಪಾರದಲ್ಲಿ ಈ ವ್ಯತ್ಯಾಸ ಮರೆತವನಿಗೆ ನಷ್ಟವಾಗುತ್ತಿದ್ದದ್ದು ನಾಲ್ಕಾಣೆಯೋ ಎಂಟಾಣೆಯೋ. ಕೋವಿಯ ಮುಂದೆ ಮರೆತವನಿಗೆ ಕೈ ಹೋಗುತ್ತಿತ್ತು, ಕೆಲವೊಮ್ಮೆ ತಲೆ.

ನಾನು ಇತಿಹಾಸ ಓದಿ ಬಂದವನಲ್ಲ. ಬಹಳ ವರ್ಷ ಮಕ್ಕಳಿಗೆ ಗಣಿತ ಕಲಿಸಿದವನು. ವರ್ಗಮೂಲ ಎಲ್ಲಿ ಉಪಯೋಗಕ್ಕೆ ಬರುತ್ತದೆ ಸರ್ ಎಂದು ಹುಡುಗರು ಕೇಳಿದಾಗಲೆಲ್ಲ ನಾನು ಹೊಲದ ಕರ್ಣದ ಉದಾಹರಣೆ ಕೊಟ್ಟು ಮುಗಿಸುತ್ತಿದ್ದೆ. ಅದಕ್ಕಿಂತ ರೋಚಕವಾದ ಉದಾಹರಣೆ ಅಥಣಿಯ ಮೂಡಲಿಗೆ, ವಿಜಯಪುರದ ಕೋಟೆಯ ಮೇಲೆ, ನಾಲ್ಕು ನೂರು ವರ್ಷದಿಂದ ಬಾಯಿ ತೆರೆದುಕೊಂಡು ಕೂತಿದೆ. ಪ್ರಶ್ನೆ ಇಷ್ಟೇ: ಅದೇ ಕೋವಿ, ಅದೇ ಮದ್ದು. ಗುಂಡಿನ ತೂಕ ಮಾತ್ರ ಬದಲಾಯಿಸಿದರೆ ಗುಂಡಿನ ವೇಗ ಎಷ್ಟಾಗುತ್ತದೆ?

ಇವತ್ತು ಹೊರದೇಶಗಳಲ್ಲಿ ತಮ್ಮ ತೋಟಾಗಳನ್ನು ತಾವೇ ತುಂಬಿಕೊಳ್ಳುವ ಹವ್ಯಾಸದವರಿಗೆ ಇದು ದಿನನಿತ್ಯದ ಪ್ರಶ್ನೆ. ಅವರ ಬಳಿ ಕೋಷ್ಟಕಗಳಿವೆ, ವೇಗ ಅಳೆಯುವ ಯಂತ್ರಗಳಿವೆ. ಆದರೆ ಕಾರ್ಖಾನೆಯ ತೋಟಾ ಬರುವುದಕ್ಕೆ ಮುಂಚೆ ಲೋಕದ ಎಲ್ಲ ಕೋವಿಗಳೂ ಕೈಯಲ್ಲಿ ತುಂಬಿದವೇ ಆಗಿದ್ದವು. ಪೆಟ್ಲುಪ್ಪು, ಗಂಧಕ, ಇದ್ದಿಲು ಅರೆದು ಮದ್ದು ಮಾಡುವುದು, ಸೀಸ ಕರಗಿಸಿ ಅಚ್ಚಿಗೆ ಹೊಯ್ದು ಗುಂಡು ಮಾಡುವುದು, ನಳಿಗೆಯ ಬಾಯಿಂದ ಮದ್ದು ಸುರಿದು, ಮೇಲೆ ಚಿಂದಿ ತುರುಕಿ, ಗಜದಿಂದ ಜಡಿದು, ಗುಂಡು ಇಳಿಸುವುದು. ಮದ್ದಿನ ಇದ್ದಿಲಿಗೆ ಎಕ್ಕದ ಕಟ್ಟಿಗೆ, ಕಳ್ಳಿಯ ಕಟ್ಟಿಗೆ ಒಳ್ಳೆಯದೆಂದು ಶುಕ್ರನೀತಿಯಲ್ಲಿ ಬರುತ್ತದೆ. ಆ ಭಾಗ ಬಹಳ ಈಚಿನ ಸೇರ್ಪಡೆ ಎನ್ನುವ ವಿದ್ವಾಂಸರಿದ್ದಾರೆ. ಯಾವ ಕಾಲದ್ದಾದರೂ ಇರಲಿ, ನಮ್ಮ ಎರೆಹೊಲದ ಬದುವಿನಲ್ಲಿ ಎಕ್ಕಕ್ಕೇನೂ ಬರವಿಲ್ಲ. ಚಿತ್ರದುರ್ಗದ ಕೋಟೆಯಲ್ಲಿ ಮದ್ದು ಬೀಸುವ ದೊಡ್ಡ ಕಲ್ಲುಗಳನ್ನು ನೋಡಿದವರಿಗೆ ಈ ಕೆಲಸ ಎಷ್ಟು ದೊಡ್ಡ ಪ್ರಮಾಣದಲ್ಲಿ ನಡೆಯುತ್ತಿತ್ತು ಎಂಬ ಅಂದಾಜು ಸಿಗುತ್ತದೆ. ಕನ್ನಡದಲ್ಲಿ ರೋಗಕ್ಕೆ ಕೊಡುವುದೂ ಮದ್ದು, ಕೋವಿಗೆ ಹಾಕುವುದೂ ಮದ್ದು. ಎರಡರಲ್ಲೂ ಪ್ರಮಾಣ ತಪ್ಪಿದರೆ ಆಗುವುದು ಒಂದೇ.

ಎಷ್ಟು ಮದ್ದು ಹಾಕಬೇಕು? ಕೈಕೋವಿ ಬಳಸಿದ ಅನೇಕ ನಾಡುಗಳ ಬೇಟೆಗಾರರಲ್ಲಿ ಒಂದು ಸರಳ ಪದ್ಧತಿ ಇತ್ತು. ಅಂಗೈಯಲ್ಲಿ ಗುಂಡು ಇಟ್ಟುಕೊಂಡು, ಅದು ಕಾಣದಂತೆ ಮುಚ್ಚುವಷ್ಟು ಮದ್ದು ಸುರಿಯುವುದು. ಅಷ್ಟೇ ಅಳತೆ. ತಕ್ಕಡಿ ಬೇಡ, ಪುಸ್ತಕ ಬೇಡ. ಮೊದಲ ಸಲ ಇದನ್ನು ಓದಿದಾಗ ಹಳ್ಳಿಯ ಒರಟು ಉಪಾಯ ಅನ್ನಿಸಿತು. ಆಮೇಲೆ ಪೆನ್ಸಿಲ್ ಹಿಡಿದು ಕೂತೆ. ಗುಂಡಿನ ಅಡ್ಡಳತೆ ಎರಡರಷ್ಟಾದರೆ ಅದರ ತೂಕ ಎಂಟರಷ್ಟಾಗುತ್ತದೆ. ಅದನ್ನು ಮುಚ್ಚುವ ಮದ್ದಿನ ಗುಡ್ಡೆಯ ಎತ್ತರ, ಅಗಲ ಎಲ್ಲವೂ ಎರಡರಷ್ಟಾಗಬೇಕು, ಅಂದರೆ ಗುಡ್ಡೆಯೂ ಎಂಟರಷ್ಟು. ಗುಂಡು ಎಷ್ಟು ಪಟ್ಟು ಭಾರವಾಗುತ್ತದೆಯೋ ಮದ್ದೂ ಅಷ್ಟೇ ಪಟ್ಟು ಹೆಚ್ಚುತ್ತದೆ. ಎರಡರ ಅನುಪಾತ ಅಲುಗುವುದಿಲ್ಲ. ಅನುಪಾತ ಅಲುಗದಿದ್ದರೆ ವೇಗವೂ ಹೆಚ್ಚುಕಡಿಮೆ ಅಲುಗುವುದಿಲ್ಲ. ಸಣ್ಣ ಕೋವಿಯಿಂದ ದೊಡ್ಡ ಕೋವಿಗೆ ಹೋದರೂ ಬೇಟೆಗಾರನಿಗೆ ತನ್ನ ಗುಂಡು ಎಷ್ಟು ದೂರಕ್ಕೆ ಎಷ್ಟು ಇಳಿಯುತ್ತದೆ ಎಂಬ ಅಂದಾಜು ಹತ್ತಿರ ಹತ್ತಿರ ಹಾಗೆಯೇ ಉಳಿಯುತ್ತದೆ. ಅಂಗೈ ಒಂದು ಘನಮೂಲದ ಯಂತ್ರ ಎಂದು ಹೇಳಿದರೆ ಆ ಬೇಟೆಗಾರ ನಗುತ್ತಿದ್ದ. ಆದರೆ ಅದು ನಿಜ.

ಈ ಅಳತೆಗೆ ಒಂದೇ ಷರತ್ತು: ಗುಂಡು ಯಾವಾಗಲೂ ಅದೇ ಲೋಹದ್ದಾಗಿರಬೇಕು. ಅಂಗೈ ನೋಡುವುದು ಗಾತ್ರವನ್ನು, ತೂಕವನ್ನಲ್ಲ. ಸೀಸದ ಬದಲು ಅದೇ ಗಾತ್ರದ ಕಬ್ಬಿಣದ ಗುಂಡು ಬಂದರೆ, ಅಥವಾ ಕಲ್ಲಿನ ಬದಲು ಕಬ್ಬಿಣ ಬಂದರೆ, ಗುಡ್ಡೆ ಅಷ್ಟೇ ಇರುತ್ತದೆ, ಗುಂಡು ಬೇರೆಯಾಗಿರುತ್ತದೆ. ಜೋಳದ ಸೇರಿನಲ್ಲಿ ಉಪ್ಪು ಅಳೆದ ಹಾಗೆ.

ವಿಜಯಪುರದ ತೋಪುಗಳ ಮುಂದೆ ನಿಂತಾಗ ನನ್ನನ್ನು ಕಾಡಿದ್ದು ಇದೇ. 17ನೆಯ ಶತಮಾನದ ಯುರೋಪಿನ ಪ್ರವಾಸಿಗರು ಅಥಣಿಯನ್ನು ವಿಜಾಪುರಕ್ಕೂ ಗೋವೆಗೂ ನಡುವಿನ ದೊಡ್ಡ ಪೇಟೆಯೆಂದು ಗುರುತಿಸಿದ್ದಾರೆ. ಆ ದಾರಿಯ ಒಂದು ತುದಿಯಲ್ಲಿ ಪೋರ್ಚುಗೀಸರ ಗೋವೆ, ಇನ್ನೊಂದು ತುದಿಯಲ್ಲಿ ಆದಿಲಶಾಹಿಗಳ ರಾಜಧಾನಿ. ಎರಡೂ ಕಡೆ ತೋಪುಗಳೇ ತೋಪುಗಳು. ವಿಜಯಪುರದ ಮಲಿಕ್-ಎ-ಮೈದಾನ್ ಎರಕವಾದದ್ದು ಅಹಮದನಗರದಲ್ಲಿ, 1549ರಲ್ಲಿ, ಮುಹಮ್ಮದ್ ಬಿನ್ ಹಸನ್ ರೂಮಿ ಎಂಬಾತನ ಕೈಯಲ್ಲಿ. ಆಮೇಲೆ ಪರಂಡಾ ಕೋಟೆಗೆ ಹೋಗಿ, ಅಲ್ಲಿಂದ 1632ರಲ್ಲಿ ಮುರಾರಿ ಪಂಡಿತ ಅದನ್ನು ವಿಜಾಪುರಕ್ಕೆ ತಂದ. ಉದ್ದ 14 ಅಡಿಗಿಂತ ತುಸು ಹೆಚ್ಚು, ನಳಿಗೆಯ ಒಳ ಅಡ್ಡಳತೆ 2 ಅಡಿ 4 ಇಂಚು. ಹೊಟ್ಟೆಯೊಳಗೆ ಒಬ್ಬ ಮನುಷ್ಯ ಮುದುರಿ ಕೂರಬಹುದು. ತೂಕ ಸುಮಾರು 55 ಟನ್ ಎಂದು ಹೇಳುತ್ತಾರೆ. ಬಾಯಿಯ ಅಲಂಕಾರ ಆನೆಯನ್ನು ನುಂಗುತ್ತಿರುವ ಸಿಂಹದ್ದು.

ಮಕ್ಕಳ ಜೊತೆ ಹೋದಾಗ ಅಲ್ಲಿದ್ದ ಒಬ್ಬ ಗೈಡ್ ಕಥೆ ಶುರುಮಾಡಿದರು. ಬತ್ತಿ ಹಚ್ಚಿದವನು ಸದ್ದಿಗೆ ಹೆದರಿ ನೀರಿನ ತೊಟ್ಟಿಗೆ ಹಾರುತ್ತಿದ್ದನಂತೆ.

“ಇದರ ಗುಂಡು ಎಲ್ಲಿಮಟಾ ಹೋಗತಿತ್ರಿ?” ಎಂದು ನಮ್ಮ ಹುಡುಗನೊಬ್ಬ ಕೇಳಿದ.

“ಹತ್ತು ಹರದಾರಿ ಹೋಗತಿತ್ತು ತಮ್ಮಾ, ಸುಳ್ಳಲ್ಲ.”

ನಾನು ಅವರೊಡನೆ ವಾದಕ್ಕೆ ಇಳಿಯಲಿಲ್ಲ. ಹೊಟ್ಟೆಪಾಡಿನ ಕಥೆಗೆ ಅಡ್ಡಗಾಲು ಹಾಕುವುದು ಸರಿಯಲ್ಲ. ಬಸ್ಸಿನಲ್ಲಿ ಮಾತ್ರ ಹುಡುಗರಿಗೆ ಲೆಕ್ಕ ಹಾಕಿಸಿದೆ. ಹತ್ತು ಹರದಾರಿ ಎಂದರೆ ಸುಮಾರು 50 ಕಿಲೋಮೀಟರ್. ಗಾಳಿಯೇ ಇಲ್ಲದ ಲೋಕದಲ್ಲಿ, 45 ಡಿಗ್ರಿ ಕೋನದಲ್ಲಿ ಹಾರಿಸಿದರೂ ಅಷ್ಟು ದೂರಕ್ಕೆ ಸೆಕೆಂಡಿಗೆ 700 ಮೀಟರ್ ವೇಗ ಬೇಕು. ಈ ತೋಪಿನ ಉದ್ದ ಅದರ ಬಾಯಗಲದ ಆರರಷ್ಟು ಮಾತ್ರ. ಮದ್ದಿನ ಹೊಗೆ ಗುಂಡನ್ನು ಹಿಂದಿನಿಂದ ಸರಿಯಾಗಿ ತಳ್ಳುವಷ್ಟರಲ್ಲಿ ಗುಂಡು ಬಾಯಿ ದಾಟಿ ಹೊರಗೆ ಬಿದ್ದಿರುತ್ತದೆ. ಅದೇ ಊರಿನ ಉಪಲಿ ಬುರುಜಿನ ಮೇಲೆ ಮಲಗಿರುವ ಉದ್ದನೆಯ ಕಬ್ಬಿಣದ ತೋಪು ನೋಡಿ: ಉದ್ದ ಸುಮಾರು 30 ಅಡಿ, ಬಾಯಗಲ ಒಂದು ಅಡಿ. ಕಬ್ಬಿಣದ ಪಟ್ಟಿಗಳನ್ನು ಉದ್ದಕ್ಕೆ ಜೋಡಿಸಿ, ಕಾಯಿಸಿದ ಬಳೆಗಳನ್ನು ಮೇಲಿಂದ ತೊಡಿಸಿ ಮಾಡಿದ್ದು, ನಮ್ಮ ಬಡಿಗೇರರು ಗಾಡಿಯ ಗಾಲಿಗೆ ಹಳಿ ಹಾಕಿದ ಹಾಗೆ. ದೂರಕ್ಕೆ ಹೊಡೆಯುವ ಆಸೆ ಇದ್ದವನು ಮಾಡಿದ್ದು ಈ ತೋಪನ್ನು. ಮಲಿಕ್-ಎ-ಮೈದಾನ್ ಹತ್ತಿರದ ಕೆಲಸಕ್ಕೆ.

ಈಗ ಕಲ್ಲು, ಕಬ್ಬಿಣದ ಲೆಕ್ಕಕ್ಕೆ ಬರೋಣ. ಮಲಿಕ್-ಎ-ಮೈದಾನಿನ ನಳಿಗೆಯಲ್ಲಿ ಆಡುವಷ್ಟು ಸಡಿಲ ಬಿಟ್ಟು 27 ಇಂಚಿನ ಗುಂಡು ಎಂದಿಟ್ಟುಕೊಳ್ಳಿ. ನಮ್ಮ ಭಾಗದ ಕರಿಕಲ್ಲಿನಲ್ಲಿ ಕಡೆದರೆ ಅದು ಸುಮಾರು 480 ಕಿಲೋ ತೂಗುತ್ತದೆ. ಎರಕದ ಕಬ್ಬಿಣದ್ದಾದರೆ 1,200 ಕಿಲೋ ದಾಟುತ್ತದೆ. ಕಬ್ಬಿಣ ಕಲ್ಲಿನ ಎರಡೂವರೆ ಪಟ್ಟು. ಎರಡೂವರೆಯ ವರ್ಗಮೂಲ ಹೆಚ್ಚುಕಡಿಮೆ 1.6. ಅಂದರೆ ಅಷ್ಟೇ ಮದ್ದು ಹಾಕಿದರೆ ಕಲ್ಲುಗುಂಡು ಕಬ್ಬಿಣದ ಗುಂಡಿಗಿಂತ ಒಂದೂವರೆ ಪಟ್ಟಿಗೂ ಮೀರಿದ ವೇಗದಲ್ಲಿ ಹೊರಡುತ್ತದೆ. ಇದು ವೇಗದ ಮಾತು. ತೋಪಿಗೆ ಮುಖ್ಯವಾದದ್ದು ಇನ್ನೊಂದು. ಮದ್ದು ಉರಿದು ಹೊಗೆಯಾಗುವಾಗ ಹಗುರ ಗುಂಡು ಬೇಗ ಮುಂದೆ ಸರಿದು ಆ ಹೊಗೆಗೆ ಜಾಗ ಮಾಡಿಕೊಡುತ್ತದೆ. ಭಾರದ ಗುಂಡು ಅಲ್ಲೇ ಕೂತಿರುತ್ತದೆ. ಹೊಗೆ ಇಕ್ಕಟ್ಟಿನಲ್ಲಿ ಇನ್ನಷ್ಟು ಬಿಸಿಯಾಗಿ ಒತ್ತಡ ಏರುತ್ತದೆ, ಒತ್ತಡ ಏರಿದಂತೆ ಉಳಿದ ಮದ್ದು ಇನ್ನೂ ಬೇಗ ಉರಿಯುತ್ತದೆ. ತೋಪಿನ ಗೋಡೆ ತಡೆಯದಿದ್ದರೆ ಒಡೆಯುತ್ತದೆ. ಸ್ಕಾಟ್ಲೆಂಡಿನ ದೊರೆ ಎರಡನೆಯ ಜೇಮ್ಸ್ 1460ರಲ್ಲಿ ಸತ್ತದ್ದು ಶತ್ರುವಿನ ಗುಂಡಿಗಲ್ಲ, ಪಕ್ಕದಲ್ಲಿ ಒಡೆದ ತನ್ನದೇ ತೋಪಿಗೆ.

ಕಲ್ಲುಗುಂಡು ಹಿಂದುಳಿದವರ ಗುಂಡು ಎಂದು ಬರೆಯುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಕಲ್ಲುಗುಂಡಿಗೆ ಮದ್ದು ಕಡಿಮೆ ಸಾಕು, ತೋಪಿನ ಮೈಗೆ ಆಯಾಸ ಕಡಿಮೆ. ಗೋಲಗುಮ್ಮಟ ಕಟ್ಟಿದ ಊರಿನಲ್ಲಿ ಕಲ್ಲುಕುಟಿಗರಿಗೆ ಕೊರತೆ ಇರಲಿಲ್ಲ. ದೊಡ್ಡ ಬಾಯಿಯ ತೋಪಿಗೆ ಕಲ್ಲು ಆರಿಸುವುದು ಲೆಕ್ಕ ಬಲ್ಲವನ ಆಯ್ಕೆ. ಆ ಲೆಕ್ಕವನ್ನು ಅವನು ಬರೆದಿಡಲಿಲ್ಲ, ಅಷ್ಟೇ.

1565ರ ಜನವರಿಯಲ್ಲಿ ಕೃಷ್ಣೆಯ ದಂಡೆಯ ಬಳಿ ನಡೆದ ಯುದ್ಧವನ್ನೂ ಈ ಕಣ್ಣಿನಿಂದ ನೋಡಬಹುದು. ರಕ್ಕಸಗಿ ತಂಗಡಗಿ ಎಂದು ನಾವು ಓದಿದ್ದು ಅದನ್ನೇ. ಇದೇ ಕೃಷ್ಣೆ ನಮ್ಮ ಅಥಣಿ, ರಾಯಬಾಗದ ಹೊಲಗಳನ್ನು ಹಾಯ್ದು ಆ ಕಡೆ ಹೋಗುತ್ತಾಳೆ. ಫಿರಿಸ್ತಾ ಬರೆದಂತೆ ಅಹಮದನಗರದ ಹುಸೇನ್ ನಿಜಾಮಶಹನ ತೋಪಖಾನೆಯ ಮುಖ್ಯಸ್ಥ ಚಲಬಿ ರೂಮಿ ಖಾನ್. ಅವನು ತೋಪುಗಳನ್ನು ಮೂರು ಸಾಲಾಗಿ ನಿಲ್ಲಿಸಿದ್ದ: ಮುಂದೆ ದೊಡ್ಡವು, ಹಿಂದೆ ಮಧ್ಯಮ, ಅದರ ಹಿಂದೆ ಜಂಬೂರಿಗಳು. ಕೊನೆಯ ಘಟ್ಟದಲ್ಲಿ ಕಲ್ಲೂ ಅಲ್ಲ, ಕಬ್ಬಿಣವೂ ಅಲ್ಲ, ತಾಮ್ರದ ನಾಣ್ಯಗಳ ಚೀಲಗಳನ್ನು ತುಂಬಿಸಿದ. ವಿಜಯನಗರದ ಸೈನ್ಯ ತೀರ ಹತ್ತಿರ ಬಂದ ಮೇಲೆ ಬತ್ತಿ ಹಚ್ಚಿಸಿದ.

ತೀರ ಹತ್ತಿರ ಯಾಕೆ? ನಾಣ್ಯದ ಚೀಲ ಒಟ್ಟು ತೂಕದಲ್ಲಿ ಒಂದು ಗುಂಡಿನಂತೆಯೇ ನಳಿಗೆ ದಾಟುತ್ತದೆ. ಆಚೆ ಬಂದೊಡನೆ ಚೀಲ ಹರಿದು ಸಾವಿರ ಚೂರಾಗುತ್ತದೆ. ಒಂದೊಂದು ನಾಣ್ಯವೂ ಚಪ್ಪಟೆ, ಹಗುರ. ಗಾಳಿ ಅದನ್ನು ಬೇಗ ಹಿಡಿದು ನಿಲ್ಲಿಸುತ್ತದೆ. ಹತ್ತಿರದಲ್ಲಿ ಅದು ಕತ್ತರಿಸುತ್ತದೆ, ದೂರದಲ್ಲಿ ಉದುರುತ್ತದೆ. ಹಗುರವಾದದ್ದಕ್ಕೆ ಗಾಳಿ ದೊಡ್ಡ ಶತ್ರು ಎಂಬುದು ರೂಮಿ ಖಾನನಿಗೆ ಗೊತ್ತಿದ್ದರಿಂದಲೇ ಅವನು ಕಾದ. ಆ ಯುದ್ಧದಲ್ಲಿ ಮಲಿಕ್-ಎ-ಮೈದಾನವೂ ಇತ್ತು ಎಂಬುದು ನಂಬಿಕೆ. ಇದ್ದರೆ, ಅಗಲ ಬಾಯಿಯ ಆ ಗಿಡ್ಡ ತೋಪಿಗೆ ಅದಕ್ಕಿಂತ ತಕ್ಕ ಕೆಲಸ ಇರಲಿಲ್ಲ. ಒಂದು ಸಾಮ್ರಾಜ್ಯದ ಹಣೆಬರಹದಲ್ಲಿ ಇಂಥ ಲೆಕ್ಕವೂ ಒಂದು ಗೆರೆ.

ಗಾಳಿ ಎಷ್ಟು ದೊಡ್ಡ ಶತ್ರು ಎಂದು ಮೊದಲು ಅಳೆದವನು ಇಂಗ್ಲೆಂಡಿನ ಬಾತ್ ಊರಿನ ಬೆಂಜಮಿನ್ ರಾಬಿನ್ಸ್. ಹುಟ್ಟಿದ್ದು 1707ರಲ್ಲಿ. ಅವನಿಗಿಂತ ಮುಂಚೆ ಗುಂಡಿನ ವೇಗ ಎಷ್ಟು ಎಂದು ಯಾರಿಗೂ ಸಂಖ್ಯೆಯಲ್ಲಿ ಹೇಳಲು ಬರುತ್ತಿರಲಿಲ್ಲ. ಕಣ್ಣಿಗೆ ಕಾಣದ್ದನ್ನು ಅಳೆಯುವುದು ಹೇಗೆ? ರಾಬಿನ್ಸ್ ಒಂದು ಜೋಕಾಲಿ ಕಟ್ಟಿದ. ಸುಮಾರು 56 ಪೌಂಡು ತೂಕದ, ಮರದ ಹಲಗೆ ಜಡಿದ ಭಾರವನ್ನು ತೂಗುಬಿಟ್ಟು ಅದಕ್ಕೆ ಗುಂಡು ಹೊಡೆದ. ಗುಂಡು ಹಲಗೆಯಲ್ಲಿ ಹೂತುಕೊಂಡಿತು, ಜೋಕಾಲಿ ಹಿಂದಕ್ಕೆ ತೂಗಿತು. ಎಷ್ಟು ತೂಗಿತು ಎಂಬುದನ್ನು ಅದಕ್ಕೆ ಕಟ್ಟಿದ ಒಂದು ರಿಬ್ಬನ್ ಹೇಳಿತು. ಗುಂಡಿನ ತೂಕ ಪೌಂಡಿನ ಹನ್ನೆರಡನೆಯ ಒಂದು ಭಾಗ. ಜೋಕಾಲಿ ಅದರ ಸುಮಾರು 675 ಪಟ್ಟು. ಹಾಗಾಗಿ ಜೋಕಾಲಿಯ ನಿಧಾನ ವೇಗವನ್ನು ಅಷ್ಟರಿಂದ ಗುಣಿಸಿದರೆ ಗುಂಡಿನ ವೇಗದ ಅಂದಾಜು ಬಂತು. ಗುಂಡಿನ ಅರ್ಧ ತೂಕದ ಮದ್ದಿಗೆ ಸೆಕೆಂಡಿಗೆ ಸುಮಾರು 1,700 ಅಡಿ. ಆ ವೇಗದಲ್ಲಿ ಗಾಳಿ ಗುಂಡಿಗೆ ಒಡ್ಡುವ ತಡೆ ಗುಂಡಿನ ತೂಕದ 120 ಪಟ್ಟು ಎಂದು ಅವನಿಗೆ ಸಿಕ್ಕಿತು. ಗಾಳಿಯ ತಡೆ ಲೆಕ್ಕಕ್ಕಿಲ್ಲದಷ್ಟು ಸಣ್ಣದು ಎಂದು ಪುಸ್ತಕ ಬರೆದವರೆಲ್ಲ ಬಾಯಿ ಮುಚ್ಚಬೇಕಾಯಿತು. ಅವನ ಪುಸ್ತಕ ಬಂದದ್ದು 1742ರಲ್ಲಿ. ಮೂರೇ ವರ್ಷದಲ್ಲಿ ಮಹಾಗಣಿತಜ್ಞ ಆಯ್ಲರ್ ಅದನ್ನು ಜರ್ಮನ್ ಭಾಷೆಗೆ ತಂದು, ಮೂಲಕ್ಕಿಂತ ಉದ್ದನೆಯ ಟಿಪ್ಪಣಿಗಳನ್ನು ಸೇರಿಸಿದ.

ಈ ರಾಬಿನ್ಸ್ ಸತ್ತದ್ದು ಎಲ್ಲಿ ಗೊತ್ತೇ? ನಮ್ಮ ದಕ್ಷಿಣ ಭಾರತದಲ್ಲಿ. ಈಸ್ಟ್ ಇಂಡಿಯಾ ಕಂಪನಿಯ ಕೋಟೆಗಳನ್ನು ಸರಿಪಡಿಸುವ ಎಂಜಿನಿಯರ್ ಆಗಿ 1750ರಲ್ಲಿ ಬಂದ. ಕಡಲೂರಿನ ಸೇಂಟ್ ಡೇವಿಡ್ ಕೋಟೆಯಲ್ಲಿ ಜ್ವರ ಬಂದು 1751ರ ಜುಲೈ 29ರಂದು ತೀರಿಕೊಂಡ. ವಯಸ್ಸು 44. ಹೈದರಾಲಿ ಇನ್ನೂ ಮೈಸೂರಿನ ಅಧಿಕಾರ ಹಿಡಿದಿರಲಿಲ್ಲ. ಗುಂಡಿನ ವೇಗ ಅಳೆಯಲು ಕಲಿಸಿದವನು ಬಂದು ಮಣ್ಣಾದದ್ದು, ಮುಂದಿನ 50 ವರ್ಷ ಆ ವೇಗದ ಮೇಲೆಯೇ ರಾಜ್ಯಗಳು ಏಳಬೀಳಲಿದ್ದ ನೆಲದಲ್ಲಿ.

ನಮ್ಮ ಮೊದಲಿನ ಪ್ರಶ್ನೆಗೆ ನೇರ ಉತ್ತರ ಬಂದದ್ದು ಅವನ ನಂತರ. ಚಾರ್ಲ್ಸ್ ಹಟನ್ ಎಂಬ ಗಣಿತದ ಮಾಸ್ತರ (ಇವನೂ ನನ್ನ ಜಾತಿಯವನೇ, ಕಲ್ಲಿದ್ದಲ ಗಣಿಯ ಕೂಲಿಯವರ ಮನೆಯಿಂದ ಬಂದವನು) 1775ರಲ್ಲಿ ವುಲಿಚ್‌ನಲ್ಲಿ ಸಣ್ಣ ತೋಪಿನಿಂದ, ಇನ್ನೂ ದೊಡ್ಡ ಜೋಕಾಲಿಗೆ ಹೊಡೆದು ನೋಡಿದ. ಅವನಿಗೆ ಸಿಕ್ಕಿದ ನಿಯಮ ಎರಡು. ಗುಂಡು ಅದೇ ಇದ್ದು ಮದ್ದು ಬದಲಾದರೆ ವೇಗ ಮದ್ದಿನ ತೂಕದ ವರ್ಗಮೂಲದಂತೆ ಏರುತ್ತದೆ. ಮದ್ದು ಅದೇ ಇದ್ದು ಗುಂಡು ಬದಲಾದರೆ ವೇಗ ಗುಂಡಿನ ತೂಕದ ವರ್ಗಮೂಲದಂತೆ ಇಳಿಯುತ್ತದೆ. ಗುಂಡು ನಾಲ್ಕು ಪಟ್ಟು ಭಾರವಾದರೆ ವೇಗ ಅರ್ಧ. 1778ರಲ್ಲಿ ರಾಯಲ್ ಸೊಸೈಟಿ ಇದಕ್ಕೆ ಕಾಪ್ಲಿ ಪದಕ ಕೊಟ್ಟಿತು. ಎರಡೂ ನಿಯಮ ಕೂಡಿಸಿ ನೋಡಿ: ಮದ್ದೂ ಗುಂಡೂ ಒಂದೇ ಅನುಪಾತದಲ್ಲಿ ಹೆಚ್ಚಿದರೆ ವೇಗ ಬದಲಾಗದು. ಅಂಗೈಯ ಬೇಟೆಗಾರ ಮಾಡುತ್ತಿದ್ದದ್ದೂ ಅದನ್ನೇ.

ಈಗ ಸೀಸ, ಕಬ್ಬಿಣದ ಲೆಕ್ಕ ಮಾಡೋಣ. ರಾಬಿನ್ಸನ ಸೀಸದ ಗುಂಡು ನಮ್ಮ ಹಳೆಯ ತೂಕದಲ್ಲಿ ಮೂರೂಕಾಲು ತೊಲ. ಅದೇ ಗಾತ್ರದ ಕಬ್ಬಿಣದ ಗುಂಡು ಎರಡೂಕಾಲು ತೊಲ. ಮದ್ದು ಎರಡಕ್ಕೂ ಒಂದೂವರೆ ತೊಲಕ್ಕೆ ಚೂರು ಮೇಲೆ. ಹಟನ್‌ನ ನಿಯಮದಂತೆ ಕಬ್ಬಿಣದ ಗುಂಡಿನ ವೇಗ 1,700ರಿಂದ 2,040 ಅಡಿಗೆ ಏರಬೇಕು. ಆದರೆ ಇಲ್ಲಿ ಒಂದು ಸೂಕ್ಷ್ಮ ಇದೆ. ಮದ್ದು ಗುಂಡನ್ನಷ್ಟೇ ತಳ್ಳುವುದಿಲ್ಲ, ಹೊಗೆಯಾಗಿ ತನ್ನ ತೂಕವನ್ನೂ ತಾನೇ ಹೊತ್ತು ಓಡಬೇಕು. ಗುಂಡು ಹಗುರವಾದಷ್ಟೂ ಈ ಸ್ವಂತ ಹೊರೆ ದೊಡ್ಡದಾಗುತ್ತದೆ. ಅದಕ್ಕಾಗಿ ನಂತರದ ಲೆಕ್ಕಿಗರು ಮದ್ದಿನ ತೂಕದ ಮೂರರಲ್ಲೊಂದು ಪಾಲನ್ನು ಗುಂಡಿನ ತೂಕಕ್ಕೆ ಸೇರಿಸಿಕೊಂಡು ವರ್ಗಮೂಲ ತೆಗೆದರು. ಹಾಗೆ ಮಾಡಿದರೆ 1,980 ಅಡಿ. ಇಂದಿನ ಹವ್ಯಾಸಿಗಳ ಅಂದಾಜಿನ ಬೇರೂ ಇದೇ.

1,980! ಕಬ್ಬಿಣವೇ ಮೇಲು ಎಂದು ಹುಡುಗರು ಕೂಗಿಯಾರು. ಸ್ವಲ್ಪ ತಾಳಿ. ಗಾಳಿಗೆ ಎರಡೂ ಗುಂಡು ಒಂದೇ ಗಾತ್ರ, ತಡೆಯುವ ಎದೆ ಒಂದೇ. ಆದರೆ ಕಬ್ಬಿಣ ಹಗುರ. ಗಾಳಿಯನ್ನು ಸೀಳಿಕೊಂಡು ಹೋಗುವ ತಾಕತ್ತು ಕಡಿಮೆ. ರಾಬಿನ್ಸನ 120 ಪಟ್ಟಿನ ತಡೆಯನ್ನು ಹಿಡಿದು ನಾನು ಒರಟಾಗಿ ಲೆಕ್ಕ ಹಾಕಿದರೆ, ಸುಮಾರು 85 ಗಜದ ಹೊತ್ತಿಗೆ ಎರಡೂ ಗುಂಡುಗಳ ವೇಗ ಸಮ ಆಗುತ್ತದೆ. ಆಗ ಎರಡೂ ಸೆಕೆಂಡಿಗೆ 1,200 ಅಡಿಯ ಆಸುಪಾಸು ಇರುತ್ತವೆ. ಅಲ್ಲಿಂದಾಚೆ ಸೀಸವೇ ಮುಂದೆ. ಸಮವಾದ ಆ ಜಾಗದಲ್ಲೂ ಸೀಸದ ಗುಂಡು ಒಂದು ತೊಲ ಹೆಚ್ಚು ತೂಕವನ್ನು ಹೊತ್ತು ಬಡಿಯುತ್ತದೆ. ಬಾಯಿಯ ಬಳಿಯ ವೇಗವನ್ನೇ ನೋಡಿ ಗುಂಡು ಆರಿಸಿದವನು 85 ಗಜದಾಚೆ ನಿಂತ ಶತ್ರುವಿಗೆ ಉಪಕಾರ ಮಾಡಿದಂತೆ. ಎತ್ತಿನ ಗಾಡಿಯೂ ಸೈಕಲ್ಲೂ ಇಳಿಜಾರಿನಲ್ಲಿ ಹೊರಟರೆ ಮೊದಲು ಸೈಕಲ್ ಮುಂದೆ, ಎದುರುಗಾಳಿ ಬಂತೆಂದರೆ ನೋಡಬೇಕು ಅದರ ಪಾಡು.

ಈ ಅರಿವು ಕೋಷ್ಟಕವಾಗಿ ಬೆಳಗಾವಿಗೆ ಬಂತು. 1818ರಲ್ಲಿ ಪೇಶ್ವೆಯ ಕೈಯಲ್ಲಿದ್ದ ಬೆಳಗಾವಿ ಕೋಟೆಗೆ ಥಾಮಸ್ ಮನ್ರೋ ಮುತ್ತಿಗೆ ಹಾಕಿದ. ಮೂರು ವಾರದ ತೋಪಿನ ಹೊಡೆತದ ಮೇಲೆ ಏಪ್ರಿಲ್ 10ರಂದು ಕೋಟೆ ಕೈಬಿಟ್ಟಿತು. ಒಳಗಿದ್ದವರ ಬಳಿ ತೋಪುಗಳಿಗೆ ಕೊರತೆ ಇರಲಿಲ್ಲ. ಆ ಕಾಲದ ದಕ್ಖನಿನ ಕೋಟೆಗಳಲ್ಲಿ ಬೇರೆ ಬೇರೆ ಅಡ್ಡಳತೆಯ, ಬೇರೆ ಬೇರೆ ಕಾಲದ, ಎಲ್ಲೆಲ್ಲಿಂದಲೋ ಬಂದ ತೋಪುಗಳು ಒಂದರ ಪಕ್ಕ ಒಂದು ಇರುತ್ತಿದ್ದವು. ಒಂದೊಂದಕ್ಕೂ ಅದರ ಗೋಲಂದಾಜ, ಒಂದೊಂದಕ್ಕೂ ಅವನ ತಲೆಯಲ್ಲಿದ್ದ ಅಳತೆ. ಅವನು ಸತ್ತರೆ ಅಳತೆಯೂ ಹೋಯಿತು. ಕಂಪನಿಯ ಕಡೆ ತೋಪುಗಳಿಗೆ ಗುಂಡಿನ ತೂಕವೇ ಹೆಸರು: ಆರು ಪೌಂಡಿನದು, ಹನ್ನೆರಡು ಪೌಂಡಿನದು, ಹದಿನೆಂಟು ಪೌಂಡಿನದು. ಮದ್ದನ್ನು ಮೊದಲೇ ತೂಗಿ ಬಟ್ಟೆಯ ಚೀಲದಲ್ಲಿ ಕಟ್ಟಿಟ್ಟಿರುತ್ತಿದ್ದರು, ಸಾಮಾನ್ಯವಾಗಿ ಗುಂಡಿನ ತೂಕದ ಮೂರರಲ್ಲೊಂದು ಪಾಲು. ಒಬ್ಬ ಗೋಲಂದಾಜ ಬಿದ್ದರೆ ಪಕ್ಕದವನು ಅದೇ ಚೀಲ ತುರುಕುತ್ತಿದ್ದ. ಬ್ರಿಟಿಷರ ಗೆಲುವಿಗೆ ಸಾಲ, ಸಂಧಾನ, ದ್ರೋಹ ಮುಂತಾಗಿ ನೂರು ಕಾರಣ ಇವೆ, ನಾನು ಅಲ್ಲಗಳೆಯುವುದಿಲ್ಲ. ಆದರೆ ಮದ್ದಿನ ಆ ಚೀಲವನ್ನು ನಮ್ಮ ಇತಿಹಾಸದ ಪಾಠಗಳು ಹೆಸರಿಸುವುದೇ ಇಲ್ಲ.

ಮಲಿಕ್-ಎ-ಮೈದಾನ್ ಕೂಡ ಕೊನೆಗೆ ತಕ್ಕಡಿಗೆ ಬರುವುದರಲ್ಲಿತ್ತು. 1854ರಲ್ಲಿ ಉಪಯೋಗವಿಲ್ಲದ ಹಳೆಯ ಸಾಮಾನೆಂದು ಅದನ್ನು ಸರ್ಕಾರ ಹರಾಜಿಗೆ ಇಟ್ಟಿತು. ಬಂದ ಅತಿ ಹೆಚ್ಚಿನ ಸವಾಲು 150 ರೂಪಾಯಿ. 55 ಟನ್ನಿಗೆ ಭಾಗಿಸಿದರೆ ಟನ್ನಿಗೆ ಮೂರು ರೂಪಾಯಿಗೂ ಕಡಿಮೆ. ಇಷ್ಟು ಕಡಿಮೆಗೆ ಯಾಕೆ ಕೊಡಬೇಕು, ಜನ ಬೇರೆ ಅದಕ್ಕೆ ನಡೆದುಕೊಳ್ಳುತ್ತಾರೆ ಎಂದು ಸ್ಥಳೀಯ ಅಧಿಕಾರಿ ವರದಿ ಮಾಡಿದ್ದರಿಂದ ಮಾರಾಟ ನಿಂತಿತು.

ಮೂರು ವರ್ಷಕ್ಕೆ 1857 ಬಂತು. ಅದರ ಕಿಡಿ ಹತ್ತಿದ್ದು ತೋಟಾಕ್ಕೆ ಎಂಬುದು ಶಾಲೆಯ ಮಕ್ಕಳಿಗೂ ಗೊತ್ತು. ಕೊಬ್ಬು ಸವರಿದ ಕಾಗದ. ನಮ್ಮ ಲೆಕ್ಕಕ್ಕೆ ಮುಖ್ಯವಾದದ್ದು ಆ ಕಾಗದದ ಒಳಗಿನದು. ಎನ್‌ಫೀಲ್ಡ್ ಬಂದೂಕಿನ ಗುಂಡು 530 ಗ್ರೇನ್, ಅಂದರೆ ಮೂರು ತೊಲಕ್ಕೆ ಸ್ವಲ್ಪ ಕಡಿಮೆ. ಮದ್ದು 68 ಗ್ರೇನ್, ಗುಂಡಿನ ಎಂಟರಲ್ಲೊಂದು ಪಾಲು. ರಾಬಿನ್ಸ್ ಅರ್ಧ ಹಾಕಿದ್ದ. ನಳಿಗೆಯ ಒಳಗೆ ತಿರುಚಿದ ಗಾಡಿ, ಅದಕ್ಕೆ ಅಂಟಿಕೊಂಡು ಹಿಗ್ಗುವ ಉದ್ದನೆಯ ಸೀಸದ ಗುಂಡು. ಹೊಗೆ ಪಕ್ಕದಿಂದ ಸೋರುವುದಿಲ್ಲ, ಬಾಯಿಯ ವೇಗ ಕಡಿಮೆಯಾದರೂ ಗಾಳಿ ಅದನ್ನು ಬೇಗ ಹಿಡಿಯಲಾರದು. ಇದನ್ನೂ ರಾಬಿನ್ಸ್ 1747ರಲ್ಲೇ ಹೇಳಿದ್ದ: ಯಾವ ದೇಶ ಗಾಡಿ ಕೊರೆದ ನಳಿಗೆಯ ಮರ್ಮ ಮೊದಲು ಅರಿಯುತ್ತದೆಯೋ ಅದಕ್ಕೆ ಉಳಿದವರ ಮೇಲೆ ಕೈ ಮೇಲಾಗುತ್ತದೆ ಎಂದು. ಸಿಪಾಯಿ ಮದ್ದು ಅಳೆಯುವ ಗೋಜೇ ಇಲ್ಲ. ಹಲ್ಲಿನಿಂದ ಕಚ್ಚು, ಸುರಿ, ಜಡಿ.

ಆ ವರ್ಷದ ಜುಲೈ 31ರಂದು ನಮ್ಮ ನೆರೆಯ ಕೊಲ್ಹಾಪುರದಲ್ಲಿ 27ನೆಯ ಕಾಲ್ದಳ ದಂಗೆ ಎದ್ದಿತು. ಅದೇ ವರ್ಷ ಸರ್ಕಾರ ಜನರ ಆಯುಧಗಳನ್ನು ದಾಖಲು ಮಾಡಿಸಿ ಕಿತ್ತುಕೊಳ್ಳುವ ಕಾಯ್ದೆ ತಂದಿತು. ರಾಯಬಾಗದಿಂದ ಮೂಡಲಿಗೆ ಹೋದರೆ ಸಿಗುವ ಮುಧೋಳ ಸೀಮೆಯ ಹಲಗಲಿಯಲ್ಲಿ ಬೇಡರು ಕೊಡೆವು ಎಂದರು. ಅವರಿಗೆ ಕೋವಿ, ಕತ್ತಿ ಎಂದರೆ ಬೇಟೆ, ಕಾವಲು, ಮಾನ ಎಲ್ಲವೂ. ನವೆಂಬರ್ ಕೊನೆಗೆ ಸೈನ್ಯ ಬಂದು ಊರನ್ನು ಸುತ್ತುಗಟ್ಟಿತು, ಮನೆಗಳಿಗೆ ಬೆಂಕಿ ಇಟ್ಟಿತು. ಸತ್ತವರು ನೂರರ ಹತ್ತಿರ. ಡಿಸೆಂಬರಿನಲ್ಲಿ ಮುಧೋಳದಲ್ಲೂ ಹಲಗಲಿಯಲ್ಲೂ ಸೇರಿ 19 ಜನರನ್ನು ಗಲ್ಲಿಗೆ ಹಾಕಿದರು. ಆ ಲಾವಣಿಯನ್ನು ಜೆ. ಎಫ್. ಫ್ಲೀಟ್ ಮುಂದೆ ಸಂಗ್ರಹಿಸಿ ಅಚ್ಚು ಹಾಕಿಸಿದ್ದರಿಂದ ಹಲಗಲಿಯ ಹೆಸರು ನಮಗೆ ಉಳಿದಿದೆ.

ಹಲಗಲಿಯ ಮಾತು ಬಂದಾಗ ನಾವು ಶೌರ್ಯದ ಬಗ್ಗೆ ಮಾತಾಡುತ್ತೇವೆ, ಅದು ಸರಿಯೇ. ಆಯುಧ ಕಿತ್ತುಕೊಂಡರು ಎಂದರೆ ಕಬ್ಬಿಣವನ್ನಷ್ಟೇ ಕಿತ್ತುಕೊಂಡರು ಎಂದು ಮಾತ್ರ ನಾನು ಒಪ್ಪಲಾರೆ. ಕೋವಿ ಮನೆಯಲ್ಲಿಲ್ಲದಿದ್ದರೆ ಮದ್ದು ಅರೆಯುವವನಿಗೆ ಕೆಲಸವಿಲ್ಲ, ಗುಂಡಿನ ಅಚ್ಚು ಮಾಡುವ ಕಮ್ಮಾರನಿಗೆ ಕೆಲಸವಿಲ್ಲ. ಈ ನಳಿಗೆಗೆ ಇಷ್ಟು, ಸೀಸ ಸಿಗದೆ ಕಬ್ಬಿಣ ಹಾಕಿದರೆ ಇಷ್ಟು, ಮಳೆಗಾಲದ ತೇವದ ಮದ್ದಾದರೆ ಇಷ್ಟು ಎಂದು ಮಗನಿಗೆ ಹೇಳಿಕೊಡಬೇಕಾದ ಅಪ್ಪನಿಗೂ ಹೇಳಲು ಏನೂ ಉಳಿಯುವುದಿಲ್ಲ. ಬರೆದಿಟ್ಟ ಕೋಷ್ಟಕವನ್ನು ಮುಚ್ಚಿ ನೂರು ವರ್ಷದ ಮೇಲೆ ತೆರೆಯಬಹುದು. ಕೈಯ ಲೆಕ್ಕ ಒಂದೇ ತಲೆಮಾರಿಗೆ ಆರಿಹೋಗುತ್ತದೆ. 1878ರ ಆಯುಧ ಕಾಯ್ದೆ ಬಂದ ಮೇಲೆ ಕೋವಿಗೆ ಮಾತ್ರವಲ್ಲ, ಮದ್ದುಗುಂಡಿಗೂ ಪರವಾನಗಿಯ ಕಟ್ಟು ಬಿತ್ತು.

ಆ ಕಟ್ಟಿನಿಂದ ಹೊರಗುಳಿದದ್ದು ಕೊಡಗು. ಕೊಡವರಿಗೂ ಜಮ್ಮಾ ಭೂಮಿಯವರಿಗೂ ಬ್ರಿಟಿಷರು ಕೊಟ್ಟ ವಿನಾಯಿತಿ ಸ್ವಾತಂತ್ರ್ಯದ ನಂತರವೂ ಮುಂದುವರಿಯಿತು. ಅಲ್ಲಿ ಕೈಲ್‌ಮುಹೂರ್ತದ ದಿನ ಕೋವಿಗೆ ತೋಕ್ ಪೂ ಸಿಕ್ಕಿಸಿ ಪೂಜೆ ಮಾಡುತ್ತಾರೆ, ತೆಂಗಿನಕಾಯಿಗೆ ಗುರಿ ಇಟ್ಟು ಹೊಡೆಯುತ್ತಾರೆ. ಒಮ್ಮೆ ಅಲ್ಲಿನ ಹಿರಿಯರೊಬ್ಬರು ಹಳೆಯ ಕೇಪಿನ ಕೋವಿಗೆ ಮದ್ದು ತುಂಬುವುದನ್ನು ನೋಡಿದೆ. ಬಿದಿರಿನ ಒಂದು ಸಣ್ಣ ಕೊಳವೆಯಲ್ಲಿ ಅಳೆದು ಸುರಿದರು. ಒಂಟಿ ಗುಂಡಿಗೂ ಚರೆಗೂ ಅದೇ ಅಳತೆಯೇ ಎಂದು ಕೇಳಿದೆ. ಅವರು ಮಾತಾಡಲಿಲ್ಲ. ಕೊಳವೆಯ ಮೇಲೆ ಚಾಕುವಿನಿಂದ ಗೀರಿದ ಎರಡು ಗೆರೆಗಳಿದ್ದವು. ಹೆಬ್ಬೆರಳ ಉಗುರನ್ನು ಮೊದಲು ಒಂದರ ಮೇಲೆ, ಆಮೇಲೆ ಇನ್ನೊಂದರ ಮೇಲೆ ಇಟ್ಟು ತೋರಿಸಿದರು.